ಕಿಟಕಿ ಮೇಜಿನವರ ಅಧಿವೇಶನ

ಡಚ್ಚರ ದೇಶದ ನೂರ್ಡ್‌ವೈಕ್‌ನ ಆ ವೃದ್ಧಾಶ್ರಮದಲ್ಲಿ ನನ್ನ ಕೆಲಸ ಮುದುಕರಿಗೆ ಬೇಸರವಾಗದಂತೆ ನೋಡಿಕೊಳ್ಳುವುದು. ಸ್ನಾನ, ಮಾತ್ರೆ ಇವೆಲ್ಲ ನನ್ನ ಪಾಲಿಗಿರಲಿಲ್ಲ, ಅದಕ್ಕೆ ನರ್ಸ್‌ಗಳಿದ್ದರು. ಬೆಳಿಗ್ಗೆ ಕಾಫಿ ಕೊಡುವುದು, ಪೇಪರ್ ಓದಿ ಹೇಳುವುದು, ಹೌಸಿ ಆಡಿಸುವುದು, ಬಿಸಿಲು ಬಂದರೆ ಗಾಲಿಕುರ್ಚಿ ತಳ್ಳಿಕೊಂಡು ಸಮುದ್ರದ ದಂಡೆಯವರೆಗೆ ಹೋಗಿಬರುವುದು, ಇಷ್ಟೇ. ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಗಂಡನಿಗೆ ಕಾಂಟ್ರಾಕ್ಟ್ ಕೆಲಸ ಸಿಕ್ಕಿದ್ದರಿಂದ ನಾವು ಅಲ್ಲಿಗೆ ಹೋಗಿದ್ದು. ಅದಕ್ಕೆ ಮುಂಚೆ ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಇಲ್ಲಿ ಭಾಷೆ ಕಲಿತು, ಪರೀಕ್ಷೆ ಪಾಸು ಮಾಡಿ, ಅಲೆದಾಡಿದ ಮೇಲೆ ಸಿಕ್ಕಿದ್ದು ಈ ಕೆಲಸ.

"ಟೀಚರ್ ಆಗಿದ್ದೋಳು ಈಗ್ಲೂ ಟೀಚರ್ರೇ ಬಿಡು. ಸ್ಟೂಡೆಂಟ್ಸ್ ಏಜ್ ಮಾತ್ರ ಚೇಂಜ್ ಆಗಿದೆ" ಅಂತ ಗಂಡ ನಗುತ್ತಿದ್ದರು.

ಅವರು ತಮಾಷೆಗೆ ಅಂದದ್ದು. ಆದರೆ ತರಗತಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಎಷ್ಟೇ ಹಿಂಸೆ ಮಾಡಲಿ, ಗಂಟೆ ಹೊಡೆದ ಕೂಡಲೇ ಮನೆಗೆ ಓಡುತ್ತಾರೆ. ಈ ಮುದುಕರಿಗೆ ಓಡಿಹೋಗಲು ಬೇರೆ ಮನೆ ಇರಲಿಲ್ಲ. ಬೆಳಗಾದರೆ ಎಲ್ಲರೂ ಕೂರುವ ಅದೇ ಹಾಲ್, ಅದೇ ಮುಖಗಳು.

ಹಾಲಿನ ಕಿಟಕಿ ಪಕ್ಕ ಒಂದು ದುಂಡು ಮೇಜಿತ್ತು. ಅಲ್ಲಿಂದ ರಸ್ತೆ ಕಾಣುತ್ತಿತ್ತು, ಸೈಕಲ್ ಮೇಲೆ ಹೋಗುವವರು ಕಾಣುತ್ತಿದ್ದರು, ಯಾರ ಮನೆಯವರು ನೋಡಲು ಬಂದರು ಯಾರವರು ಬರಲಿಲ್ಲ ಅನ್ನುವುದೆಲ್ಲ ಕಾಣುತ್ತಿತ್ತು. ಆ ಮೇಜಿಗೆ ನಾಲ್ಕು ಜನ ಹೆಂಗಸರು ಒಡತಿಯರು. ಅವರ ಮುಖಂಡೆ ಒಬ್ಬ ರಿಟೈರ್ಡ್ ಶಾಲಾ ಶಿಕ್ಷಕಿ. ಎಲ್ಲರನ್ನೂ ನಾವು 'ಮೆವ್ರೌ', ಅಂದರೆ ಅಮ್ಮಾವ್ರೇ, ಅಂತಲೇ ಕರೆಯಬೇಕಾಗಿತ್ತು. ಮನಸ್ಸಿನಲ್ಲಿ ಮಾತ್ರ ನಾನು ಈಕೆಯನ್ನು ಮೇಷ್ಟ್ರಮ್ಮ ಅನ್ನುತ್ತಿದ್ದೆ. ತೊಂಬತ್ತರ ವಯಸ್ಸಿನಲ್ಲೂ ಬೆನ್ನು ನೆಟ್ಟಗೆ. ನಾನು ಪೇಪರ್ ಓದುವಾಗ ನನ್ನ ಉಚ್ಚಾರ ತಪ್ಪಿದರೆ ಚಮಚದಿಂದ ಕಪ್ಪಿನ ಅಂಚಿಗೆ ಟಿಣ್ ಅಂತ ಬಡಿಯುತ್ತಿದ್ದರು. ಆ ಪದವನ್ನು ಸರಿಯಾಗಿ ಹೇಳುವವರೆಗೂ ಮುಂದಕ್ಕೆ ಬಿಡುತ್ತಿರಲಿಲ್ಲ. ನನಗೆ ಭಾಷೆ ಚೆನ್ನಾಗಿ ಬಂದದ್ದು ಅವರಿಂದಲೇ, ಇಲ್ಲ ಅನ್ನಲಾರೆ.

ಚಳಿಗಾಲ ಮುಗಿಯುವ ಹೊತ್ತಿಗೆ ಇನ್ನೊಬ್ಬ ಅಜ್ಜಿ ಬಂದು ಸೇರಿದರು. ಗಾಲಿಕುರ್ಚಿ, ಬೆಳ್ಳಗಿನ ಕೂದಲನ್ನು ನೀಟಾಗಿ ಬಾಚಿ ಕಟ್ಟಿದ ತುರುಬು, ಕಿವಿಯಲ್ಲಿ ಮುತ್ತು. ಮರೆವು ಶುರುವಾಗಿತ್ತು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಆದರೆ ಚಿಕ್ಕಂದಿನದು ಒಂದೂ ಬಿಟ್ಟುಹೋಗಿರಲಿಲ್ಲ. ಬಂದ ಮೊದಲ ದಿನವೇ ಕಿಟಕಿ ಮೇಜಿನ ಹತ್ತಿರ ತಳ್ಳಿಸಿಕೊಂಡು ಹೋಗಿ, "ನನ್ನ ಪರಿಚಯ ಮಾಡಿಕೊಳ್ಳುತ್ತೇನೆ. ಯುದ್ಧಕಾಲದಲ್ಲಿ ಕೆನಡಾದ ಪಾರ್ಲಿಮೆಂಟ್ ಶುರುವಾದಾಗ ನಾನು ಅಲ್ಲಿದ್ದೆ" ಅಂದರು.

ನನಗೆ ಕಿವಿ ನೆಟ್ಟಗಾಯಿತು. ಎಷ್ಟೋ ವರ್ಷ ಇದನ್ನೇ ಪಾಠ ಮಾಡಿದವಳು ನಾನು. ಜಂಟಿ ಅಧಿವೇಶನ, ರಾಜ್ಯಪಾಲರ ಭಾಷಣ, ವಂದನಾ ನಿರ್ಣಯ. ನಮ್ಮ ಮಕ್ಕಳು ಬಾಯಿಪಾಠ ಮಾಡಿ ಮರೆತುಬಿಡುತ್ತಿದ್ದ ಅಧ್ಯಾಯ ಅದು. ಅದನ್ನು ಕಣ್ಣಾರೆ ಕಂಡವರು ಒಬ್ಬರು ಸಿಕ್ಕರಲ್ಲ ಅಂತ ಕಾಫಿ ಬಗ್ಗಿಸುತ್ತಾ ಅಲ್ಲೇ ನಿಂತೆ.

ಅವರ ಅಪ್ಪ ಡಚ್ ಸರ್ಕಾರದ ಗುಮಾಸ್ತ. ಜರ್ಮನರು ಇಲ್ಲಿಗೆ ನುಗ್ಗಿದಾಗ ಸಂಸಾರ ಸಮೇತ ಲಂಡನ್ನಿನಲ್ಲಿದ್ದರಂತೆ. ಅಲ್ಲಿಂದ ಹಡಗು ಹತ್ತಿಸಿ ಕೆನಡಾದ ರಾಜಧಾನಿಯಲ್ಲಿದ್ದ ಡಚ್ ಕಚೇರಿಗೆ ಕಳಿಸಿದರು. ಕೆನಡಾ ಆಗ ಬ್ರಿಟಿಷ್ ರಾಜನ ನೆರಳಿನಲ್ಲಿದ್ದ ದೇಶ. ಪಾರ್ಲಿಮೆಂಟ್ ಶುರು ಮಾಡಲು ರಾಜನ ಪ್ರತಿನಿಧಿ ಗವರ್ನರ್ ಜನರಲ್ ಬರಬೇಕು. ಅಪ್ಪನಿಗೆ ಎಲ್ಲಿಂದಲೋ ಪಾಸು ಸಿಕ್ಕಿತ್ತು.

"ಮಾರ್ಚ್ ತಿಂಗಳು, ಆದರೂ ಕಾಲು ಹುಗಿಯುವಷ್ಟು ಹಿಮ" ಅನ್ನುತ್ತಿದ್ದರು. "ಕೆಂಪು ಕಾರ್ಪೆಟ್ಟು, ಕೆಂಪು ನಿಲುವಂಗಿಯ ಜಡ್ಜುಗಳು. ಯುದ್ಧ ಅಂತ ಹೆಂಗಸರು ಯಾರೂ ವಜ್ರ ಹಾಕಿರಲಿಲ್ಲ. ಅಮ್ಮನಿಗೆ ಅದೇ ಬೇಜಾರು. ಗವರ್ನರು ಮೇಲಿನ ಸಭೆಯಲ್ಲಿ ದೊಡ್ಡ ಕುರ್ಚಿ ಮೇಲೆ ಕೂತರು. ಆಮೇಲೆ ಕರೀ ಕೋಲು ಹಿಡಿದ ಒಬ್ಬ ಮನುಷ್ಯ ಕೆಳಗಿನ ಸಭೆಯವರನ್ನು ಕರೆಯಲು ಹೋದ. ಅವನ ಮುಖದ ಮೇಲೆ ಬಾಗಿಲು ಹಾಕ್ತಾರೆ! ಅವನು ಕೋಲಿನಿಂದ ಮೂರು ಸಲ ಕುಟ್ಟಬೇಕು. ಆಗ ತೆಗೀತಾರೆ. ಜನ ಆರಿಸಿ ಕಳಿಸಿದವರೆಲ್ಲ ಶಾಲೆ ಹುಡುಗರ ಹಾಗೆ ಬಂದು ಹಿಂದೆ ಒಂದು ಕಂಬಿಯ ಆಚೆ ನಿಂತ್ಕೊಂಡರು. ಅವರಿಗೆ ಕುರ್ಚಿ ಇಲ್ಲ."

"ಭಾಷಣದಲ್ಲಿ ಏನಂದರು?" ನಾನು ಕೇಳಿದೆ.

"ಯುದ್ಧ ಇನ್ನೇನು ಮುಗಿಯುತ್ತೆ ಅಂದರು. ನಾನು ಚಿಕ್ಕವಳು, ನನಗೇನು ಗೊತ್ತಾಗಬೇಕು. ಆಮೇಲೆ ಒಂದು ಹೋಟೆಲಿಗೆ ಹೋದ್ವಿ. ಬಿಸಿ ಚಾಕಲೇಟು, ಮೇಲೆ ಕೆನೆ. ಇಷ್ಟು ದಪ್ಪದ ಬನ್ನು, ದಾಲ್ಚಿನ್ನಿ ಹಾಕಿದ್ದು. ಅರ್ಧ ತಿಂದು ಅರ್ಧ ಬಿಟ್ಟೆ, ಹೊಟ್ಟೆ ತುಂಬಿಹೋಗಿತ್ತು."

ಮೇಷ್ಟ್ರಮ್ಮ ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದವರು, "ಯಾವ ಮಾರ್ಚ್?" ಅಂದರು.

"ಯುದ್ಧ ಮುಗಿಯಿತಲ್ಲ, ಆ ವರ್ಷದ್ದು."

ಮೇಜಿನ ಸುತ್ತ ಎಲ್ಲರೂ ಕಪ್ಪು ಕೆಳಗಿಟ್ಟರು. ಯಾಕೆಂದು ನನಗೆ ಅರ್ಥವಾಗಲಿಲ್ಲ. ಕಪ್ಪುಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದಾಗ ಮೇಷ್ಟ್ರಮ್ಮ ತಮ್ಮ ವಾಕರ್ ತಳ್ಳಿಕೊಂಡು ಹಿಂದೆಯೇ ಬಂದರು. ಆ ಚಳಿಗಾಲದಲ್ಲಿ ಇಲ್ಲಿ ಜರ್ಮನರು ಊಟಕ್ಕೆ ಕಲ್ಲು ಹಾಕಿದ್ದರು, ನಗರಗಳಲ್ಲಿ ಜನ ಟುಲಿಪ್ ಗಡ್ಡೆ ಬೇಯಿಸಿ ತಿಂದರು ಅನ್ನುವುದು ನನಗೆ ಪುಸ್ತಕದಿಂದ ಗೊತ್ತಿತ್ತು. "ನನಗೊಬ್ಬ ತಮ್ಮ ಇದ್ದ. ನಾಲ್ಕು ವರ್ಷ. ಆ ಮಾರ್ಚ್‌ನಲ್ಲೇ ಹೋದ" ಅಂದರು. ಅಷ್ಟು ಹೇಳಿ, ನಾನು ಏನಾದರೂ ಅನ್ನುವ ಮೊದಲೇ, "ಬನ್ನು ಬಿಟ್ಟಳಂತೆ" ಅಂತ ಹೊರಟುಹೋದರು.

ಮರುದಿನದಿಂದ ಶುರುವಾಯಿತು.

ಕೆನಡಾದ ಅಜ್ಜಿ ಕಿಟಕಿ ಮೇಜಿಗೆ ಬಂದರೆ ಜಾಗವಿಲ್ಲ. ಕುರ್ಚಿ ಖಾಲಿ ಇದ್ದರೆ ಅದರ ಮೇಲೆ ಕೈಚೀಲ ಇರುತ್ತಿತ್ತು. "ನೀವು ಆಚೆ ಇರಿ ಮೆವ್ರೌ, ಕಂಬಿಯ ಆಚೆ" ಅಂತ ಒಬ್ಬರು ಅನ್ನುವರು, ಉಳಿದವರು ಕಪ್ಪಿನೊಳಕ್ಕೆ ನಗುವರು. ಅಜ್ಜಿಗೆ ಅದು ಅವಮಾನ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು, ತಿಳಿದದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತಿತ್ತು. ಮರುದಿನ ಮತ್ತೆ ನಗುತ್ತಾ ಅಲ್ಲಿಗೇ ಬರುತ್ತಿದ್ದರು. ದಿನಾ ಹೊಸದಾಗಿ ಹೊಡೆಸಿಕೊಳ್ಳುವ ಹಣೆಬರಹ ಅದು. ನೋಡುವುದಕ್ಕೇ ಆಗುತ್ತಿರಲಿಲ್ಲ.

ಆಮೇಲೆ ಇನ್ನೊಂದು ಆಟ. ಕರೆದು ಕೂರಿಸಿಕೊಂಡು ಕತೆ ಹೇಳಿಸುವರು. ಮಧ್ಯದಲ್ಲಿ ಮೇಷ್ಟ್ರಮ್ಮ ಚಮಚ ಬಡಿಯುವರು. "ನಿನ್ನೆ ಕಾರ್ಪೆಟ್ಟು ಹಸಿರು ಅಂದಿರಿ."

"ಕೆಂಪು. ಕೆಂಪು ಅಂದೆ."

"ಹಸಿರು ಅಂದಿರಿ. ಎಲ್ಲರೂ ಕೇಳಿದ್ದೇವೆ. ಅಲ್ಲವೇ?"

ಎಲ್ಲರೂ ತಲೆಯಾಡಿಸುವರು. ಅಜ್ಜಿಯ ಕಣ್ಣು ಅತ್ತಿತ್ತ ಅಲೆಯುವುದು. ಇದ್ದುದರಲ್ಲಿ ಗಟ್ಟಿಯಾಗಿ ಉಳಿದಿದ್ದ ಆ ಒಂದೇ ನೆನಪಿನ ಇಟ್ಟಿಗೆಗಳನ್ನು ಇವರು ಒಂದೊಂದಾಗಿ ಕೀಳುತ್ತಿದ್ದರು. ಬೇಸಿಗೆಯ ಹೊತ್ತಿಗೆ ಅಜ್ಜಿಯೇ ನನ್ನ ಕೈ ಹಿಡಿದು, "ಕಾರ್ಪೆಟ್ಟು ಯಾವ ಬಣ್ಣ ಇತ್ತು? ನಿಮಗೆ ಗೊತ್ತಾ?" ಅಂತ ಕೇಳತೊಡಗಿದ್ದರು.

"ಕೆಂಪು ಮೆವ್ರೌ. ನೀವೇ ಹೇಳಿದ್ದು."

"ಹೌದಾ?" ಅನ್ನುವರು. ನಂಬುತ್ತಿರಲಿಲ್ಲ.

ನಾನು ನಮ್ಮ ಮೇಲ್ವಿಚಾರಕಿಗೆ ಹೇಳಿದೆ. ಅವಳು ಚಿಕ್ಕ ವಯಸ್ಸಿನ, ಯಾವಾಗಲೂ ಅವಸರದಲ್ಲಿರುವ ಹೆಂಗಸು. "ಕಿಟಕಿ ಮೇಜಿನವರು ಅವರ ಜೊತೆ ಮಾತಾಡ್ತಿದ್ದಾರಲ್ಲ, ಅದೇ ಒಳ್ಳೇದು. ಒಂಟಿಯಾಗಿ ರೂಮಿನಲ್ಲಿ ಕೂತಿರೋರನ್ನ ನೋಡಿದರೆ ನನಗೆ ಚಿಂತೆ" ಅಂದಳು. ಮನೆಯಲ್ಲಿ ಗಂಡನಿಗೆ ಹೇಳಿದರೆ, "ತೊಂಬತ್ತು ವರ್ಷದವರನ್ನ ನೀನೇನು ಬೆಂಚ್ ಮೇಲೆ ನಿಲ್ಲಿಸ್ತೀಯಾ? ಬಿಡು, ಸ್ಟ್ರೆಸ್ ತಗೋಬೇಡ" ಅಂದರು.

ಸೆಪ್ಟೆಂಬರ್ ಬಂತು. ಆ ತಿಂಗಳ ಮೂರನೇ ಮಂಗಳವಾರ ಹೇಗ್ ನಗರದಲ್ಲಿ ಇಲ್ಲಿಯ ರಾಜ ಕುದುರೆ ಸಾರೋಟಿನಲ್ಲಿ ಬಂದು ಪಾರ್ಲಿಮೆಂಟಿನ ವರ್ಷವನ್ನು ಶುರು ಮಾಡುತ್ತಾರೆ. ಹೆಂಗಸರು ಬಗೆಬಗೆಯ ಟೋಪಿ ಹಾಕಿಕೊಂಡು ಬರುತ್ತಾರೆ. ಆಶ್ರಮದಲ್ಲೂ ಅವತ್ತು ಟೋಪಿ, ಕೇಕು, ಟಿವಿ. ಎರಡು ವಾರ ಮುಂಚೆ ಮೇಷ್ಟ್ರಮ್ಮ ಎಲ್ಲರ ಮುಂದೆ ಹೇಳಿದರು: "ಈ ಸಲ ಟಿವಿ ಮಾತ್ರ ಯಾಕೆ? ನಮ್ಮಲ್ಲಿ ಕಣ್ಣಾರೆ ಕಂಡವರಿದ್ದಾರೆ. ನಾವೇ ಒಂದು ಅಧಿವೇಶನ ಮಾಡೋಣ, ಕೆನಡಾದ ಥರ. ಮೆವ್ರೌ ಗವರ್ನರ್ ಆಗಲಿ."

ಮೇಲ್ವಿಚಾರಕಿ ಚಪ್ಪಾಳೆ ತಟ್ಟಿದಳು. ಅಜ್ಜಿಯ ಮುಖ ಅರಳಿತು. ನನಗೂ, ಹೇಳಿಬಿಡುತ್ತೇನೆ, ಸಂತೋಷವೇ ಆಯಿತು. ಮೇಷ್ಟ್ರಮ್ಮನ ಮನಸ್ಸು ಕರಗಿರಬೇಕು, ರಾಜಿ ಮಾಡಿಕೊಳ್ಳಲು ಇದೊಂದು ದಾರಿ ಅಂದುಕೊಂಡೆ.

ತಯಾರಿಯ ದಿನಗಳಲ್ಲಿ ಅಜ್ಜಿ ಬೇರೆಯೇ ವ್ಯಕ್ತಿಯಾದರು. ಬೆಳಿಗ್ಗೆ ಎದ್ದ ಕೂಡಲೇ "ಇವತ್ತಾ?" ಅಂತ ಕೇಳುವರು. ಕೆಂಪು ಹೊದಿಕೆ ಹುಡುಕಿದೆ. ಕೋಲಿಗೆ ಕರೀ ಟೇಪು ಸುತ್ತಿದೆ. ಭಾಷಣ ಅವರಿಗೆ ಬಾಯಿಗೆ ಬರುವಂತೆ ದಿನಾ ಹೇಳಿಸಿದೆ, ನಾಲ್ಕೇ ನಾಲ್ಕು ಮಾತು. ಕೋಲು ಹಿಡಿಯಲು ಒಬ್ಬ ತಾತ ಒಪ್ಪಿದರು. ಅವರು ಜೀವಮಾನವೆಲ್ಲ ಟುಲಿಪ್ ಬೆಳೆದವರು, ಈಗ ಹೊಲ ಮಗನ ಕೈಯಲ್ಲಿತ್ತು. ಆ ವಾರವೇ ಮೇಷ್ಟ್ರಮ್ಮ ಅವರನ್ನು, "ಕುಂಡದಲ್ಲಿ ನೆಡಲು ಒಂದಷ್ಟು ಗಡ್ಡೆ ತರಿಸಿಕೊಡಿ" ಅಂತ ಕೇಳಿದ್ದರು. ನೆಡುವ ಕಾಲ ಅದು. ಯಾರಿಗೂ ಏನೂ ಅನ್ನಿಸಲಿಲ್ಲ.

ಮಂಗಳವಾರ ಟಿವಿಯಲ್ಲಿ ರಾಜರ ಭಾಷಣ ಮುಗಿಯಿತು. ಅದರಲ್ಲೂ ಯುದ್ಧದ ಮಾತೇ, ಯುರೋಪಿನ ಪೂರ್ವಕ್ಕೆ ನಡೆಯುತ್ತಿದ್ದ ಯುದ್ಧದ್ದು. ಸೈನ್ಯಕ್ಕೆ ಇನ್ನೂ ಹಣ ಬೇಕು ಅಂದರು. ಟಿವಿ ಆರಿಸಿ ನಾನು ಅಜ್ಜಿಯನ್ನು ಹಾಲಿನ ನಡುವೆ, ಕೆಂಪು ಹೊದಿಕೆ ಹಾಸಿದ ದೊಡ್ಡ ಕುರ್ಚಿಯಲ್ಲಿ ಕೂರಿಸಿದೆ. ನೀಲಿ ಟೋಪಿ, ಮುತ್ತು, ತುಟಿಗೆ ಬಣ್ಣ. ಕಿಟಕಿ ಮೇಜಿನವರು ಸದಸ್ಯರು, ಊಟದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಮೇಲ್ವಿಚಾರಕಿ ಫೋನ್ ಹಿಡಿದು ಫೋಟೊ ತೆಗೆಯುತ್ತಿದ್ದಳು.

ತಾತ ಕೋಲು ಹಿಡಿದು ನಿಧಾನ ನಡೆದುಹೋಗಿ ಬಾಗಿಲನ್ನು ಮೂರು ಸಲ ಕುಟ್ಟಿದರು. ತೆರೆಯಲಿಲ್ಲ. ಮತ್ತೆ ಕುಟ್ಟಿದರು.

ಒಳಗಿನಿಂದ ಮೇಷ್ಟ್ರಮ್ಮನ ದನಿ: "ಯಾರದು?"

"ಗವರ್ನರ್ ಕರೀತಿದ್ದಾರೆ. ಬರಬೇಕಂತೆ."

"ಇರು ಅನ್ನಿ. ಬನ್ನು ತಿಂತಾ ಇದ್ದೀವಿ. ಇನ್ನೂ ಅರ್ಧ ಬಾಕಿ ಇದೆ."

ಒಳಗೆ ನಗು. ಹಾಲಿನಲ್ಲಿದ್ದವರೂ ನಾಟಕ ಅಂದುಕೊಂಡು ನಕ್ಕರು. ಅಜ್ಜಿಯೂ ನಕ್ಕರು. ತಾತ ಏನು ಮಾಡಬೇಕೋ ತಿಳಿಯದೆ ನನ್ನ ಮುಖ ನೋಡಿದರು. ಎಷ್ಟೋ ಹೊತ್ತು ಹಾಗೇ ಹೋಯಿತು. ಅಜ್ಜಿಯ ನಗು ಬತ್ತಿ, "ಬರಲ್ವಾ ಅವರು?" ಅಂತ ನನ್ನನ್ನು ಕೇಳುವವರೆಗೂ ಬಾಗಿಲು ತೆರೆಯಲಿಲ್ಲ.

ಆಮೇಲೆ ತೆರೆಯಿತು. ನಾಲ್ಕೂ ಜನ ಟೋಪಿ ಹಾಕಿಕೊಂಡು ಸಾಲಾಗಿ ಬಂದರು. ಮೂವರು ಬರಿಗೈಯಲ್ಲಿದ್ದರು. ಮೇಷ್ಟ್ರಮ್ಮನ ವಾಕರ್ ಮೇಲೆ ಒಂದು ತಟ್ಟೆ ಇತ್ತು. ಅದರಲ್ಲಿ ಮಣ್ಣು ಮೆತ್ತಿದ ಟುಲಿಪ್ ಗಡ್ಡೆಗಳು. ಅವರು ಅಜ್ಜಿಯ ಎದುರಿಗೆ ಬಂದು ನಿಂತು, ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟರು.

"ಪ್ರಜೆಗಳ ಕಾಣಿಕೆ, ಮೆವ್ರೌ. ನೀವು ಕೆನೆ ತಿಂದ ಮಾರ್ಚ್‌ನಲ್ಲಿ ನಮ್ಮ ಮನೆಯಲ್ಲಿ ಇದು ಬೆಂದಿತ್ತು. ನನ್ನ ತಮ್ಮ ಇದನ್ನ ತಿಂದು ಸತ್ತ. ಮೊದಲು ಇದನ್ನ ತಿನ್ನಿ, ಆಮೇಲೆ ಭಾಷಣ ಮಾಡಿ."

ಮೇಲ್ವಿಚಾರಕಿ ಇನ್ನೂ ಫೋಟೊ ತೆಗೆಯುತ್ತಲೇ ಇದ್ದಳು. ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ಅಷ್ಟರಲ್ಲಿ ಅಜ್ಜಿ ಒಂದು ಗಡ್ಡೆ ಎತ್ತಿ ಬಾಯಿಗಿಟ್ಟು ಕಚ್ಚಿಯೇಬಿಟ್ಟರು. ಹೇಳಿದ್ದನ್ನು ಮಾಡುವ ಮಗುವಿನ ಹಾಗೆ. ಹಸಿ ಗಡ್ಡೆ, ಮದ್ದು ಹೊಡೆದಿದ್ದರೂ ಹೊಡೆದಿರಬಹುದು. ನಾನು ಓಡಿಹೋಗಿ ಕೈಯಿಂದ ಕಿತ್ತುಕೊಂಡೆ, ಬಾಯಿಗೆ ಬೆರಳು ಹಾಕಿ ಚೂರು ತೆಗೆದೆ. ತುಟಿಬಣ್ಣದ ಮೇಲೆ ಮಣ್ಣು ಹತ್ತಿತ್ತು.

"ಸಾಕು ನಿಲ್ಲಿಸಿ!" ಅಂದೆ. ಯಾವ ಭಾಷೆಯಲ್ಲಿ ಅಂದೆನೋ ನೆನಪಿಲ್ಲ.

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿದರು. ಮುಖದ ಮಂಕು ಪೂರ್ತಿ ಹೋಗಿತ್ತು. ಅಷ್ಟು ಸ್ಪಷ್ಟವಾದ ಕಣ್ಣುಗಳನ್ನು ನಾನು ಅವರಲ್ಲಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅವರು ಮೇಷ್ಟ್ರಮ್ಮನನ್ನು ನೋಡಿ ಮೆಲ್ಲಗೆ ಕೇಳಿದರು. ಅದುವರೆಗೂ ಎಲ್ಲರಿಗೂ ಬಹುವಚನ ಹಾಕಿ ಮಾತಾಡುತ್ತಿದ್ದವರು, ಆಗ ಹಾಕಲಿಲ್ಲ.

"ಅವನಿಗೆಷ್ಟು ವರ್ಷ?"

"ನಾಲ್ಕು."

"ನಿನಗೆ?"

"ಹತ್ತು."

"ಒಂದೇ ಮನೆ, ಒಂದೇ ಒಲೆ. ಅವನು ಸತ್ತ, ನೀನು ಬದುಕಿದೆ. ಇಷ್ಟು ವರ್ಷ ಬದುಕಿದ್ದೀಯ. ಅವನ ಪಾಲು ಯಾರು ತಿಂದರು?"

ಮೇಷ್ಟ್ರಮ್ಮ ವಾಕರ್ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅಜ್ಜಿ ಅವರನ್ನು ಬಿಟ್ಟು ಸಭೆಯ ಕಡೆ ತಿರುಗಿ, ನಾನು ಹೇಳಿಕೊಟ್ಟಿದ್ದ ಭಾಷಣವನ್ನು ಒಂದಕ್ಷರ ತಪ್ಪದೆ ಹೇಳಿದರು. ಮಾನ್ಯ ಸದಸ್ಯರೇ, ಯುದ್ಧ ಬೇಗ ಮುಗಿಯಲಿ, ದೇವರು ನಿಮಗೆ ಬುದ್ಧಿ ಕೊಡಲಿ, ಈಗ ಎಲ್ಲರೂ ಕೇಕು ತಿನ್ನಿ. ಹಿಂದಿನ ಸಾಲಿನಲ್ಲಿ ಕಿವಿ ಕೇಳದ ಇಬ್ಬರು ಚಪ್ಪಾಳೆ ತಟ್ಟಿದರು.

ಮೇಷ್ಟ್ರಮ್ಮ ತಮ್ಮ ರೂಮಿಗೆ ಹೋದರು. ಮರುದಿನ ಕಾಫಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ರೂಮಿಗೆ ಕಳಿಸಿದ ತಟ್ಟೆ ಮುಟ್ಟದೆ ಹಾಗೇ ವಾಪಸು ಬರುತ್ತಿತ್ತು. ಡಾಕ್ಟರು ನೋಡಿ ಕಾಯಿಲೆಯೇನಿಲ್ಲ ಅಂದರು. ಗಂಜಿಯಂಥದ್ದು, ಸೂಪು, ಡಬ್ಬಿಯ ಪೌಷ್ಟಿಕ ಹಾಲು, ಎಲ್ಲ ಪ್ರಯತ್ನ ಮಾಡಿದರು. ಚಮಚ ತುಟಿಗೆ ತಂದರೆ ಮುಖ ತಿರುಗಿಸುತ್ತಿದ್ದರು.

ಒಂದು ಸಂಜೆ ನಾನು ಪೇಪರ್ ಹಿಡಿದುಕೊಂಡು ಹೋದೆ. ಓದಿ ಹೇಳಲೇ ಅಂದೆ. ಅವರು ಗೋಡೆ ನೋಡುತ್ತಾ ಮಲಗಿದ್ದರು.

"ಅಮ್ಮ ಬ್ರೆಡ್ಡನ್ನ ಎರಡು ತುಂಡು ಮಾಡ್ತಿದ್ದಳು" ಅಂದರು. "ದೊಡ್ಡದು ನನಗೆ. ನಡೆಯೋಳು ನಾನು, ಹೊಲಗಳಿಗೆ ಹೋಗಿ ಬೀಟು ಬೇಡಿ ತರೋಳು ನಾನು. ನಾನು ಬಿದ್ದರೆ ಎಲ್ಲರೂ ಹೋಗ್ತಾರೆ ಅಂತ. ಅವನು ಕೈ ಚಾಚೋನು. ನಾನು ಬೆನ್ನು ತಿರುಗಿಸಿ ತಿಂತಿದ್ದೆ."

"ಹತ್ತು ವರ್ಷದ ಮಗು ನೀವು. ತಪ್ಪು ನಿಮ್ಮದಲ್ಲ ಮೆವ್ರೌ."

ಅವರು ಈ ಕಡೆ ಹೊರಳಿದರು. "ನೀವು ಸಮಾಧಾನ ಹೇಳಲು ಬಂದಿರಾ? ಅವಳು ಅದನ್ನ ಕೇಳಿದಾಗ ನಾನು ನಿಮ್ಮ ಮುಖ ನೋಡಿದೆ. ನಿಮಗೆ ಖುಷಿಯಾಗಿತ್ತು."

ನಾನು ಇಲ್ಲ ಅನ್ನಬೇಕಿತ್ತು. ಆದರೆ ಅವರು ಜೀವಮಾನವೆಲ್ಲ ಮಕ್ಕಳ ಮುಖ ಓದಿದವರು. ಸರಿಯಾಗಿಯೇ ಬಿತ್ತು ಏಟು ಅಂತ ನನಗೆ ಆ ಕ್ಷಣ ಅನ್ನಿಸಿದ್ದು ನಿಜ. ಪೇಪರ್ ಮಡಿಸಿಕೊಂಡು ಎದ್ದು ಬಂದೆ. ಅದೇ ಕೊನೆ, ಮತ್ತೆ ಅವರು ನನ್ನ ಜೊತೆ ಮಾತಾಡಲಿಲ್ಲ.

ಯುಟ್ರೆಕ್ಟ್‌ನಿಂದ ಅವರ ಮಗಳು ಬಂದಳು. ಅರವತ್ತು ದಾಟಿದ, ಅಮ್ಮನ ಹಾಗೇ ನೆಟ್ಟಗೆ ನಡೆಯುವ ಹೆಂಗಸು. ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅವತ್ತು ಏನಾಯಿತು, ನೀವು ಇದ್ದಿರಂತೆ, ಹೇಳಿ" ಅಂದಳು. ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳು ಗೋಡೆಗೆ ಒರಗಿಕೊಂಡಳು.

"ಯಾವ ತಮ್ಮ?" ಅಂದಳು. "ಅಮ್ಮ ಒಬ್ಬಳೇ ಮಗಳು."

ಅವಳಿಗೆ ಹೆಚ್ಚು ನೋವಾದದ್ದು ಯಾವುದರಿಂದ, ಸತ್ತ ಮಗುವಿನಿಂದಲೋ, ತನಗೆ ಹೇಳದ್ದನ್ನು ಅಡಿಗೆಮನೆಯ ಬಾಗಿಲಲ್ಲಿ ಪರದೇಶದ ಹೆಂಗಸೊಬ್ಬಳಿಗೆ ಹೇಳಿದ್ದರಿಂದಲೋ, ನನಗೆ ಗೊತ್ತಾಗಲಿಲ್ಲ. ಆ ವಾರದಲ್ಲೇ ಅಮ್ಮನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಹೊಸ ವರ್ಷಕ್ಕೆ ಮುಂಚೆಯೇ ಸಾವಿನ ಸುದ್ದಿ ಬಂತು. ಮೇಲ್ವಿಚಾರಕಿ ಹಾಲಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ನಾಲ್ಕು ಮಾತಾಡಿದಳು.

ಕಿಟಕಿ ಮೇಜಿನಲ್ಲಿ ಮೂವರು ಉಳಿದರು. ಮೇಷ್ಟ್ರಮ್ಮನ ಕುರ್ಚಿಯನ್ನು ಅವರೇ ತೆಗೆಸಿ, ಗಾಲಿಕುರ್ಚಿಗೆ ಜಾಗ ಮಾಡಿದರು. ಪ್ರೀತಿಯಿಂದಲ್ಲ. ಆ ಅಜ್ಜಿ ಯಾವಾಗ ತಮ್ಮ ಕಡೆ ತಿರುಗಿ ಏನು ಕೇಳಿಬಿಡುತ್ತಾರೋ ಅನ್ನುವ ಭಯ ಅವರಿಗೆ. ಕೇಕಿನ ದೊಡ್ಡ ತುಂಡು ಅವರಿಗೇ, ಮೊದಲ ಕಾಫಿ ಅವರಿಗೇ. ಕತೆ ಹೇಳಿದರೆ ಮೂವರೂ ತಲೆಯಾಡಿಸುತ್ತಾ ಕೇಳುತ್ತಿದ್ದರು. ಅಜ್ಜಿಗೆ ಆ ಮಂಗಳವಾರದ್ದು ಮರುದಿನಕ್ಕೇ ಅಳಿಸಿಹೋಗಿತ್ತು. ಮೈ ಸ್ವಲ್ಪ ತುಂಬಿಕೊಂಡಿತ್ತು, ಕೆನ್ನೆಗೆ ಬಣ್ಣ ಬಂದಿತ್ತು.

ಫೆಬ್ರವರಿಯಲ್ಲಿ ಗಂಡನಿಗೆ ಐಂಡ್‌ಹೋವನ್‌ನಲ್ಲಿ ಬೇರೆ ಕೆಲಸವಾಯಿತು, ನಾನು ಆಶ್ರಮ ಬಿಟ್ಟೆ. ಕೊನೆಯ ದಿನ ಅಜ್ಜಿಗೆ ಹೇಳಿಹೋಗಲು ಬಂದೆ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲೊಬ್ಬರು ಟೀಚರ್ ಇದ್ದರಲ್ಲ, ಚಮಚ ಬಡೀತಿದ್ದರು" ಅಂದರು. "ಎಲ್ಲಿ ಹೋದರು?"

"ಮಗಳ ಊರಿಗೆ ಹೋದರು ಮೆವ್ರೌ."

"ನನಗೆ ಹೇಳಲೇ ಇಲ್ಲ ನೋಡಿ. ಇಲ್ಲಿ ನನ್ನ ಕತೆ ಸರಿಯಾಗಿ ಕೇಳುತ್ತಿದ್ದವರು ಅವರೊಬ್ಬರೇ."

ಊಟದ ಹೊತ್ತಾಗಿತ್ತು. ಕುರ್ಚಿ ತಳ್ಳಿಕೊಂಡು ಹೋಗಿ ಮೇಜಿಗೆ ಸೇರಿಸಿ, ಕೊರಳಿಗೆ ಕರವಸ್ತ್ರ ಸಿಕ್ಕಿಸಿದೆ. ಅವತ್ತು ಬಟಾಣಿ ಸೂಪು. ಎರಡು ಸಲ ಹಾಕಿಸಿಕೊಂಡರು.